ದಂಡಿನಿಂದ ಹೊರಟ ಒಂಟಿ ಸವಾರ



2009ರ ಏಪ್ರಿಲ್ 27ರಂದು ಬೆಂಗಳೂರಿನ ಹೊರವಲಯದ ತೋಟದ ಮನೆಯೊಂದರಲ್ಲಿ ಹಿಂದಿ ಚಿತ್ರನಟ ಫಿರೋಜ್ ಖಾನ್ ತೀರಿಕೊಂಡರು. ಕ್ಯಾನ್ಸರ್ ಕಾಯಿಲೆ. ಮುಂಬೈಯ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆದಿತ್ತು. ಇನ್ನು ಉಳಿಯುವ ಹಾದಿಯಿಲ್ಲ ಎಂದಾದಾಗ ಅವರು ಬೆಂಗಳೂರಿಗೆ ಬಂದುಬಿಟ್ಟರು. ಹೊಸೂರು ರಸ್ತೆಯ ಶಿಯಾ ಖಬರಸ್ತಾನದಲ್ಲಿ, ತಾಯಿಯ ಸಮಾಧಿಯ ಹತ್ತಿರವೇ ಅವರನ್ನು ಮಣ್ಣು ಮಾಡಿದರು. ಸುಮಾರು ಐವತ್ತು ವರ್ಷ ಮುಂಬೈಯಲ್ಲಿ ದುಡಿದು, ಹೆಸರು ಮಾಡಿ, ಹಣ ಮಾಡಿದ ಮನುಷ್ಯ ಕೊನೆಗೆ ಕಾಲೂರಲು ಆರಿಸಿಕೊಂಡದ್ದು ಹುಟ್ಟಿದ ಊರನ್ನು. ಆ ಊರಿನವರಾದ ನಾವು ಮಾತ್ರ ಅವರನ್ನು ನಮ್ಮವರ ಲೆಕ್ಕಕ್ಕೆ ಇನ್ನೂ ಸರಿಯಾಗಿ ಸೇರಿಸಿಕೊಂಡಿಲ್ಲ.

ಇಂದು ನಾನು ಆಡಬೇಕೆಂದಿರುವ ಮಾತು ಇದೇ. ಹಿಂದಿ ಚಿತ್ರಗಳಲ್ಲಿ ಅಗಲ ಅಂಚಿನ ಟೋಪಿ, ಚರ್ಮದ ಬೂಟು ತೊಟ್ಟು, ಬಾಯಿಗೆ ಚುಟ್ಟಾ ಇಟ್ಟುಕೊಂಡು ಕುದುರೆ ಏರಿ ಬರುವ ಕೌಬಾಯ್ ಎಂದಾಗ ಮೊದಲು ನೆನಪಾಗುವ ಮುಖ ಫಿರೋಜ್ ಖಾನರದು. ‘ಪೂರ್ವದ ಕ್ಲಿಂಟ್ ಈಸ್ಟ್‌ವುಡ್’ ಎಂದು ಪತ್ರಿಕೆಗಳು ಅವರನ್ನು ಕರೆದವು. ಹಾಗೆ ಕರೆದಾಗ ಆ ವೇಷ ಅಮೆರಿಕದಿಂದ ಕಡ ತಂದದ್ದು ಎಂಬ ಭಾವನೆ ಉಳಿದುಬಿಡುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಆ ಟೋಪಿಗೂ ಕುದುರೆಗೂ ನಮ್ಮ ಬೆಂಗಳೂರು ದಂಡಿನಲ್ಲೇ ಬೇರುಗಳಿವೆ.

ಕೌಬಾಯ್ ಚಿತ್ರಗಳ ಮೊದಲ ತಾರೆಯ ಕತೆಯನ್ನು ಒಂದು ನಿಮಿಷ ಹೇಳುತ್ತೇನೆ. 1903ರಲ್ಲಿ ಅಮೆರಿಕದಲ್ಲಿ ‘ದಿ ಗ್ರೇಟ್ ಟ್ರೈನ್ ರಾಬರಿ’ ಎಂಬ ಹನ್ನೆರಡು ನಿಮಿಷದಷ್ಟರ ಮೂಕಿ ಚಿತ್ರ ಬಂತು. ಅದರಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ ಮ್ಯಾಕ್ಸ್ ಆರನ್‌ಸನ್ ಎಂಬ ಯುವಕ, ಕುದುರೆ ಸವಾರಿ ಗೊತ್ತು ಎಂದು ಹೇಳಿ ಕೆಲಸ ಹಿಡಿದು, ಹತ್ತಿದ ಕುದುರೆಯಿಂದ ಬಿದ್ದನಂತೆ. ಆತನೇ ಮುಂದೆ ಬ್ರಾಂಕೊ ಬಿಲ್ಲಿ ಆ್ಯಂಡರ್‌ಸನ್ ಎಂಬ ಹೆಸರಿನಲ್ಲಿ ನೂರಾರು ಕಿರುಚಿತ್ರ ಮಾಡಿ ಜಗತ್ತಿನ ಮೊದಲ ಕೌಬಾಯ್ ತಾರೆಯಾದ. ಅವನ ಹಿಂದೆಯೇ ವಿಲಿಯಂ ಹಾರ್ಟ್ ಬಂದರು, ಟೋನಿ ಎಂಬ ಕುದುರೆಯೊಂದಿಗೆ ಟಾಮ್ ಮಿಕ್ಸ್ ಬಂದರು. ಪರದೆಯ ಕೌಬಾಯ್ ಹುಟ್ಟಿನಿಂದಲೇ ದನಗಾಹಿಯಾಗಿರಬೇಕಿಲ್ಲ ಎಂಬುದು ಆರಂಭದಿಂದಲೇ ಖಚಿತವಾಗಿತ್ತು. ಪಟ್ಟಣದ ಹುಡುಗನೂ ಆ ಪಾತ್ರವನ್ನು ಹೊರಬಲ್ಲ. ಹೊರಲು ಬೇಕಾದ ಮೈಕಟ್ಟು, ನಡಿಗೆ, ಧೈರ್ಯ ಎಲ್ಲಿಂದಲಾದರೂ ಬರಬೇಕು, ಅಷ್ಟೆ.

ಫಿರೋಜ್ ಖಾನರಿಗೆ ಅದು ಎಲ್ಲಿಂದ ಬಂತು?

ಅವರು ಹುಟ್ಟಿದ್ದು 1939ರ ಸೆಪ್ಟೆಂಬರ್ 25ರಂದು, ಬೆಂಗಳೂರಿನಲ್ಲಿ. ತಂದೆ ಸಾದಿಕ್ ಅಲಿ ಖಾನ್ ಅಫ್ಘಾನಿಸ್ತಾನದ ಗಜನಿ ಕಡೆಯ ಪಠಾಣರು. ತಾಯಿ ಫಾತಿಮಾ ಇರಾನಿ ಮೂಲದವರು. ಓದಿದ್ದು ರೆಸಿಡೆನ್ಸಿ ರಸ್ತೆಯ ಬಿಷಪ್ ಕಾಟನ್ ಶಾಲೆ ಮತ್ತು ಪ್ರಾಮನೇಡ್ ರಸ್ತೆಯ ಸೇಂಟ್ ಜರ್ಮೇನ್ಸ್ ಶಾಲೆಗಳಲ್ಲಿ. ಎರಡೂ ದಂಡಿನ ಶಾಲೆಗಳು. ಆ ಹೊತ್ತಿಗೆ ಬೆಂಗಳೂರು ಎರಡು ಊರಾಗಿತ್ತು ಎಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ಪೇಟೆ ಮೈಸೂರು ಮಹಾರಾಜರದು. ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತದ್ದು. ಹಲಸೂರು, ಶಿವಾಜಿನಗರ, ಫ್ರೇಜರ್ ಟೌನ್, ರಿಚ್‌ಮಂಡ್ ಟೌನ್ ಎಲ್ಲವೂ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಬೇರೆಯೇ ಲೋಕ. ಅದು ಮೈಸೂರು ಸರ್ಕಾರದ ಕೈಗೆ ಮರಳಿದ್ದು 1947ರ ಜುಲೈನಲ್ಲಿ. ಫಿರೋಜ್ ಆಗ ಎಂಟು ತುಂಬುತ್ತಿದ್ದ ಹುಡುಗ.

ಆ ದಂಡು ಬೆಳೆದದ್ದೇ ಕುದುರೆಯ ಬೆನ್ನ ಮೇಲೆ. 1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ಸೈನ್ಯ ಬೀಡುಬಿಟ್ಟಾಗಿನಿಂದ ರಾವುತರ ಪಡೆಗಳು ಇಲ್ಲಿ ಇದ್ದವು. ಇಂದಿನ ಕಾಮರಾಜ ರಸ್ತೆಗೆ ಹಿಂದೆ ಕ್ಯಾವಲ್ರಿ ರಸ್ತೆ ಎಂದೇ ಹೆಸರು. 1896ರಲ್ಲಿ ಇಲ್ಲಿಗೆ ಬಂದ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಕೂಡ ಕುದುರೆ ಪಡೆಯವನೇ. ಪೋಲೋ ಆಟವೆಂದರೆ ಆತನಿಗೆ ಪಂಚಪ್ರಾಣವಾಗಿತ್ತು. ಸೈನ್ಯಕ್ಕೆ ಕುದುರೆ ಬೇಕು ಎಂದರೆ ಕುದುರೆ ವ್ಯಾಪಾರಿಗಳೂ ಬೇಕು. 1824ರಲ್ಲಿ ಇರಾನಿನ ಶಿರಾಜ್ ಪಟ್ಟಣದಿಂದ ಕುದುರೆಗಳನ್ನು ಹೊಡೆದುಕೊಂಡು ಬಂದ ಆಗಾ ಅಲಿ ಅಸ್ಕರ್ ಎಂಬ ಹದಿಹರೆಯದ ಹುಡುಗ ಇಲ್ಲೇ ನೆಲೆ ನಿಂತ. ಬ್ರಿಟಿಷರಿಗೂ ಅರಮನೆಗೂ ಕುದುರೆ ಒದಗಿಸಿದ, ದಂಡಿನ ತುಂಬ ಬಂಗಲೆ ಕಟ್ಟಿಸಿದ. ರಿಚ್‌ಮಂಡ್ ಟೌನಿನ ಜಾನ್ಸನ್ ಮಾರ್ಕೆಟ್ ಇರುವ ಜಾಗ ಒಂದು ಕಾಲಕ್ಕೆ ಆಗಾ ಅವರ ಕುದುರೆ ಲಾಯ. ಸುತ್ತಲಿನ ಪ್ರದೇಶಕ್ಕೆ ಅರಬ್ ಲೈನ್ಸ್ ಎಂದು ಹೆಸರು. ಅಲಿ ಅಸ್ಕರ್ ರಸ್ತೆಯಲ್ಲಿ ನೀವು ಇಂದಿಗೂ ಓಡಾಡುತ್ತೀರಿ. ಕೃಷ್ಣರಾಜ ಒಡೆಯರ ದಿವಾನರಾಗಿ ಬೆಂಗಳೂರನ್ನು ತೋಟಗಳ ಊರಾಗಿಸಿದ ಸರ್ ಮಿರ್ಜಾ ಇಸ್ಮಾಯಿಲ್ ಈ ಆಗಾ ಅವರ ಮೊಮ್ಮಗ.

ಫಿರೋಜ್ ಖಾನರ ಮನೆತನಕ್ಕೂ ಆಗಾ ಮನೆತನಕ್ಕೂ ನಂಟಿತ್ತು ಎಂದು ನಾನು ಹೇಳುತ್ತಿಲ್ಲ. ಇರಾನಿನ, ಅಫ್ಘಾನಿಸ್ತಾನದ ರಕ್ತ ಹೊತ್ತ ಮನೆಗಳಿಗೆ, ಕುದುರೆಯ ಮೋಹಕ್ಕೆ ಬೆಂಗಳೂರು ದಂಡಿನಲ್ಲಿ ನೂರು ವರ್ಷ ಮೊದಲೇ ಜಾಗ ಸಿದ್ಧವಿತ್ತು ಎಂಬುದನ್ನಷ್ಟೇ ನೀವು ಗಮನಿಸಬೇಕು. ರಸೆಲ್ ಮಾರ್ಕೆಟ್ ಮುಂದೆ, ದಂಡು ರೈಲು ನಿಲ್ದಾಣದ ಹೊರಗೆ ಜಟಕಾಗಳು, ರೇಸ್‌ಕೋರ್ಸಿನಲ್ಲಿ ಜೂಜಿನ ಕುದುರೆಗಳು, ಪರೇಡ್ ಮೈದಾನದಲ್ಲಿ ಸವಾರರು. ಅಂಥ ಊರಿನಲ್ಲಿ ಬೆಳೆದ ಹುಡುಗನಿಗೆ ಕುದುರೆ ಅಪರೂಪದ ಪ್ರಾಣಿಯಲ್ಲ.

ಸಿನಿಮಾ ಕೂಡ ಹಾಗೆಯೇ. ಶಿವಾಜಿನಗರದ ಎಲ್ಗಿನ್ ಟಾಕೀಸ್ 1896ರಲ್ಲಿ ನಾಟಕಶಾಲೆಯಾಗಿ ಶುರುವಾಗಿ ಆಮೇಲೆ ಚಿತ್ರಮಂದಿರವಾಯಿತು. ಸೌತ್ ಪರೇಡ್, ಅಂದರೆ ಇಂದಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ, 1936ರಲ್ಲಿ ಪ್ಲಾಜಾ ಎದ್ದಿತು. ಕಬ್ಬನ್ ರಸ್ತೆಯಲ್ಲಿ ಬಿ.ಆರ್.ವಿ., ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್. ಪೇಟೆಯ ಟಾಕೀಸುಗಳಲ್ಲಿ ಪೌರಾಣಿಕ ಚಿತ್ರಗಳು ಓಡುತ್ತಿದ್ದ ಕಾಲದಲ್ಲಿ ದಂಡಿನವರಿಗೆ ಹಾಲಿವುಡ್ ಮನೆಬಾಗಿಲಲ್ಲೇ ಇತ್ತು. ಸಿಪಾಯಿಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು, ತಮಿಳರು, ಉರ್ದು ಮಾತಾಡುವವರು, ಕಾನ್ವೆಂಟ್ ಶಾಲೆಗಳ ಹುಡುಗರು ಒಂದೇ ಸೂರಿನಡಿ ಕೂತು ಪಿಸ್ತೂಲು, ಕುದುರೆ, ಧೂಳು ತುಂಬಿದ ಚಿತ್ರಗಳನ್ನು ನೋಡಿದರು. ಇಲ್ಲಿ ಹುಟ್ಟಿದ ಅಭಿರುಚಿಯೇ ಬೇರೆ. ಅದು ಕನ್ನಡ ಚಿತ್ರರಂಗದ ಅಭಿರುಚಿ ಆಗಿರಲಿಲ್ಲ ನಿಜ. ಬೆಂಗಳೂರಿನ ಅಭಿರುಚಿಯಂತೂ ಆಗಿತ್ತು.

ಹಾಗಾದರೆ ಫಿರೋಜ್ ಕನ್ನಡ ಚಿತ್ರಕ್ಕೆ ಏಕೆ ಬರಲಿಲ್ಲ ಎಂದು ಕೇಳಬಹುದು. ಆಗ ಕನ್ನಡ ಚಿತ್ರಗಳೇ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ. ನಮ್ಮ ನಟರೇ ಊರು ಬಿಟ್ಟು ಕೋಡಂಬಾಕ್ಕದಲ್ಲಿ ಬಿಡಾರ ಹೂಡಿದ್ದರು. ಉರ್ದು, ಇಂಗ್ಲಿಷ್ ಬಲ್ಲ ದಂಡಿನ ಹುಡುಗನಿಗೆ ಬೊಂಬಾಯಿಯ ರೈಲು ಸಹಜವಾಗಿತ್ತು. 1960ರ ಹೊತ್ತಿಗೆ ‘ದೀದಿ’ ಚಿತ್ರದಲ್ಲಿ ಎರಡನೆಯ ನಾಯಕನಾಗಿ ಮುಖ ತೋರಿಸಿದರು. ಮುಂದಿನ ನಾಲ್ಕೈದು ವರ್ಷ ಕಡಿಮೆ ಬಂಡವಾಳದ, ಎರಡನೆಯ ದರ್ಜೆಯ ಚಿತ್ರಗಳು.

ಆ ವರ್ಷಗಳಲ್ಲಿ ಒಂದು ಘಟನೆ ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿದೆ. 1962ರಲ್ಲಿ ‘ಟಾರ್ಜನ್ ಗೋಸ್ ಟು ಇಂಡಿಯಾ’ ಎಂಬ ಇಂಗ್ಲಿಷ್ ಚಿತ್ರ ಬಂತು. ಭಾರತದಲ್ಲೇ ಚಿತ್ರೀಕರಣ, ಸಿಮಿ ಗರೆವಾಲ್ ರಾಜಕುಮಾರಿ, ಫಿರೋಜ್ ಖಾನ್ ರಾಜಕುಮಾರ. ಟಾರ್ಜನ್ ಆಗಿದ್ದವರು ಜಾಕ್ ಮಹೋನಿ. ಈ ಮಹೋನಿ ಯಾರು ಗೊತ್ತೆ? ಹಾಲಿವುಡ್ಡಿನ ಅಪ್ಪಟ ಕೌಬಾಯ್. ‘ಡ್ಯುರಾಂಗೊ ಕಿಡ್’ ಸರಣಿಯ ಚಿತ್ರಗಳಲ್ಲಿ ನಾಯಕ ಚಾರ್ಲ್ಸ್ ಸ್ಟಾರೆಟ್‌ಗೆ ಬದಲಾಗಿ ಕುದುರೆಯಿಂದ ಹಾರುತ್ತಿದ್ದ ಸಾಹಸ ಕಲಾವಿದ, ಆಮೇಲೆ ‘ದಿ ರೇಂಜ್ ರೈಡರ್’ ಟೆಲಿವಿಷನ್ ಸರಣಿಯ ನಾಯಕ. ಬೆಂಗಳೂರಿನ ಇಪ್ಪತ್ತೆರಡರ ಯುವಕ ಹಾಲಿವುಡ್ ಕೌಬಾಯ್ ಒಬ್ಬನ ಜೊತೆ ಭುಜಕ್ಕೆ ಭುಜ ಕೊಟ್ಟು ಕೆಲಸ ಮಾಡಿದ್ದು, ತಾನೇ ಟೋಪಿ ತೊಡುವುದಕ್ಕೆ ಹನ್ನೆರಡು ವರ್ಷ ಮೊದಲು.

1965ರಲ್ಲಿ ಫಣಿ ಮಜುಂದಾರ್ ನಿರ್ದೇಶನದ ‘ಊಂಚೇ ಲೋಗ್’ ಬಂತು. ಕೆ. ಬಾಲಚಂದರ್ ಅವರ ‘ಮೇಜರ್ ಚಂದ್ರಕಾಂತ್’ ನಾಟಕ ಅದರ ಮೂಲ. ಅಶೋಕ್ ಕುಮಾರ್, ರಾಜ್ ಕುಮಾರ್ ಎಂಬ ಎರಡು ಬೆಟ್ಟಗಳ ನಡುವೆ ನಿಂತು ಫಿರೋಜ್ ತಮ್ಮ ಪಾತ್ರವನ್ನು ಉಳಿಸಿಕೊಂಡರು. ಆ ಪಾತ್ರದ ಹೆಸರು ರಜನೀಕಾಂತ್. ಹತ್ತು ವರ್ಷದ ನಂತರ ಬಾಲಚಂದರ್ ಬೆಂಗಳೂರಿನ ಬಸ್ ಕಂಡಕ್ಟರ್ ಶಿವಾಜಿರಾವ್ ಗಾಯಕವಾಡರಿಗೆ ಹೊಸ ಹೆಸರು ಹುಡುಕುವಾಗ ಇದೇ ನಾಟಕದ ಪಾತ್ರದ ಹೆಸರನ್ನೇ ಇಟ್ಟರು. ಹೀಗೆ ಒಂದೇ ಹೆಸರು ಬೆಂಗಳೂರಿನ ಇಬ್ಬರನ್ನು, ಒಬ್ಬರನ್ನು ಪಾತ್ರವಾಗಿ, ಇನ್ನೊಬ್ಬರನ್ನು ಬದುಕಾಗಿ ಮುಟ್ಟಿತು.

‘ಆರ್ಜೂ’, ‘ಸಫರ್’ ಚಿತ್ರಗಳಲ್ಲಿ ಎರಡನೆಯ ನಾಯಕ. 1969ರ ‘ಆದ್ಮಿ ಔರ್ ಇನ್ಸಾನ್’ ಚಿತ್ರದ ಪೋಷಕ ಪಾತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ. 1971ರ ‘ಮೇಲಾ’ದಲ್ಲಿ ತಮ್ಮ ಸಂಜಯ್ ಖಾನ್ ಜೊತೆ ನಟಿಸಿದರು. ಅಲ್ಲಿ ಫಿರೋಜ್ ಡಕಾಯಿತ. ಹಿಂದಿ ಚಿತ್ರಗಳಲ್ಲಿ ಅಲ್ಲಿಯವರೆಗೆ ಕುದುರೆ ಏರಿ ಬರುತ್ತಿದ್ದವರು ಹೆಚ್ಚಾಗಿ ಡಕಾಯಿತರೇ. ‘ಮದರ್ ಇಂಡಿಯಾ’, ‘ಗಂಗಾ ಜಮುನಾ’, ‘ಮುಝೆ ಜೀನೇ ದೋ’ ನೆನಪಿಸಿಕೊಳ್ಳಿ. ಪಂಚೆ, ಮುಂಡಾಸು, ಹಣೆಗೆ ಕುಂಕುಮ, ಚಂಬಲ್ಲಿನ ಕೊರಕಲು. ಆ ಡಕಾಯಿತನಿಗೆ ಬಡತನದ ಕಾರಣವಿತ್ತು, ಜಮೀನ್ದಾರನ ದಬ್ಬಾಳಿಕೆಯ ಕಾರಣವಿತ್ತು, ತಾಯಿಯ ಕಣ್ಣೀರಿತ್ತು. ಕೌಬಾಯ್‌ಗೆ ಮನೆಯೇ ಇಲ್ಲ. ಎಲ್ಲಿಂದಲೋ ಬರುತ್ತಾನೆ, ಲೆಕ್ಕ ತೀರಿಸುತ್ತಾನೆ, ಹೊರಟುಹೋಗುತ್ತಾನೆ. ಕುಟುಂಬವೇ ಸರ್ವಸ್ವವಾದ ಹಿಂದಿ ಚಿತ್ರಕ್ಕೆ ಇಂಥವನನ್ನು ತರುವುದು ಸುಲಭದ ಮಾತಲ್ಲ.

ದಕ್ಷಿಣದವರು ಇದರಲ್ಲಿ ಮೊದಲು ಹೆಜ್ಜೆ ಇಟ್ಟರು. 1971ರಲ್ಲಿ ಕೆ.ಎಸ್.ಆರ್. ದಾಸ್ ನಿರ್ದೇಶಿಸಿ, ಕೃಷ್ಣ ನಟಿಸಿದ ತೆಲುಗಿನ ‘ಮೋಸಗಾಳ್ಳಕು ಮೋಸಗಾಡು’ ಭಾರತದ ಮೊದಲ ಕೌಬಾಯ್ ಚಿತ್ರವೆಂದು ಹೆಸರಾಯಿತು. 1973ರಲ್ಲಿ ಕನ್ನಡದಲ್ಲಿ ದ್ವಾರಕೀಶ್ ‘ಕೌಬಾಯ್ ಕುಳ್ಳ’ನಾದರು. 1974ರಲ್ಲಿ ಹಿಂದಿಯಲ್ಲಿ ನರೇಂದ್ರ ಬೇಡಿ ಅವರ ‘ಖೋಟೆ ಸಿಕ್ಕೆ’. ಡಕಾಯಿತನೊಬ್ಬನಿಂದ ನರಳುತ್ತಿರುವ ಹಳ್ಳಿ, ಅದರ ನೆರವಿಗೆ ನಗರದಿಂದ ಬರುವ ಐವರು ಪುಂಡರು. ಇವರ ಕತೆ ಒಂದು ಕಡೆ ಸಾಗಿದರೆ, ಇನ್ನೊಂದು ಕಡೆಯಿಂದ ತನ್ನದೇ ಸೇಡಿನ ಬೆನ್ನು ಹತ್ತಿದ ಒಂಟಿ ಸವಾರ. ಅವನೇ ಫಿರೋಜ್ ಖಾನ್. ಆರ್.ಡಿ. ಬರ್ಮನ್ ಸಂಗೀತ, ಕಿಶೋರ್ ಕುಮಾರ್ ದನಿ, ದೂರದಿಂದ ಕೇಳಿಬರುವ ಕುದುರೆಯ ಗೊರಸು.

ಈ ಚಿತ್ರವನ್ನು ನೋಡಿದವರು ಒಂದು ಸಂಗತಿಯನ್ನು ಒಪ್ಪುತ್ತೀರಿ. ಫಿರೋಜ್ ಖಾನ್ ಕುದುರೆಯ ಮೇಲೆ ಕೂತಿರುವ ರೀತಿಯೇ ಬೇರೆ. ಬೆನ್ನು ಸೆಟೆದಿಲ್ಲ, ಲಗಾಮು ಹಿಡಿದ ಕೈ ಬಿಗಿದಿಲ್ಲ. ಕುದುರೆ ಓಡುತ್ತಿರುವಾಗಲೂ ಮುಖದಲ್ಲಿ ಧಾವಂತವಿಲ್ಲ. ನಮ್ಮ ಎಷ್ಟೋ ನಾಯಕರು ಕುದುರೆ ಹತ್ತಿದ ಕೂಡಲೇ ಕುದುರೆಯನ್ನೇ ನೋಡುತ್ತಿರುತ್ತಾರೆ. ಇವರು ದಿಗಂತವನ್ನು ನೋಡುತ್ತಾರೆ. ಮಾತು ಕಡಿಮೆ, ಅದೂ ಗಂಟಲಿನಾಳದಿಂದ. ಕ್ಲಿಂಟ್ ಈಸ್ಟ್‌ವುಡ್ಡರ ನೆರಳು ಇದೆ, ಇಲ್ಲವೆನ್ನಲಾರೆ. ಆದರೆ ಈಸ್ಟ್‌ವುಡ್ ಹೆಸರು ಮಾಡಿದ 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಕೂಡ ಇಟಲಿಯವರು ಸ್ಪೇನಿನಲ್ಲಿ ಚಿತ್ರಿಸಿದ್ದು, ಜಪಾನಿನ ಕುರೊಸಾವಾರ ‘ಯೊಜಿಂಬೊ’ವಿನಿಂದ ಎತ್ತಿಕೊಂಡ ಕತೆ. ಈ ಪ್ರಕಾರ ಯಾವ ದೇಶದ ಸ್ವತ್ತೂ ಅಲ್ಲ. ಯಾರಿಗೆ ಒಗ್ಗುತ್ತದೋ ಅವರದು. ಫಿರೋಜ್ ಖಾನರಿಗೆ ಒಗ್ಗಿತು.

‘ಖೋಟೆ ಸಿಕ್ಕೆ’ ಬಂದದ್ದು ‘ಶೋಲೆ’ಗಿಂತ ಮೊದಲು ಎಂಬುದನ್ನೂ ಹೇಳಬೇಕು. ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡಿತು. ಅದನ್ನು ಚಿತ್ರಿಸಿದ್ದು ಇಲ್ಲೇ, ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ದೂರದ ರಾಮನಗರದ ಬಂಡೆಗಳ ನಡುವೆ. ಭಾರತದ ಅತಿ ದೊಡ್ಡ ಕುದುರೆ, ಬಂದೂಕಿನ ಚಿತ್ರಕ್ಕೆ ನೆಲ ಕೊಟ್ಟದ್ದು ನಮ್ಮ ಸೀಮೆ. ಆ ಬಗೆಯ ಚಿತ್ರದ ಹಿಂದಿ ಮುಖ ಹುಟ್ಟಿದ್ದೂ ನಮ್ಮ ಸೀಮೆಯಲ್ಲೇ. ಅದೇ ವರ್ಷ ರವಿಕಾಂತ್ ನಗಾಯಿಚ್ ನಿರ್ದೇಶನದ ‘ಕಾಲಾ ಸೋನಾ’ ಬಂತು. ಅಪ್ಪನ ಕೊಲೆಗಾರನನ್ನು ಹುಡುಕಿಕೊಂಡು ಗುಡ್ಡಗಾಡಿಗೆ ಬರುವ ಯುವಕ ಫಿರೋಜ್, ಅಲ್ಲಿ ಅಫೀಮು ಬೆಳೆದು ಜನರನ್ನು ಅಡಿಯಾಳಾಗಿಸಿಕೊಂಡಿರುವ ಪಾಪ್ಪಿ ಸಿಂಗ್. ಅಮೆರಿಕದ ಚಿತ್ರಗಳಲ್ಲಿ ದನದ ಮಂದೆಗೋ ಚಿನ್ನದ ಗಣಿಗೋ ನಡೆಯುವ ಕಾದಾಟ ಇಲ್ಲಿ ಅಫೀಮಿಗೆ. ಚಿತ್ರವಾಗಿ ಅದು ‘ಖೋಟೆ ಸಿಕ್ಕೆ’ಯಷ್ಟು ಬಿಗಿಯಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದೇ 1975ರಲ್ಲಿ ಅವರೇ ನಿರ್ಮಿಸಿ ನಿರ್ದೇಶಿಸಿದ ‘ಧರ್ಮಾತ್ಮ’ ತೆರೆಗೆ ಬಂತು. ನನ್ನ ಮಟ್ಟಿಗೆ ಅವರ ಬದುಕಿನ ಬಹಳ ದೊಡ್ಡ ಸಾಹಸ ಇದೇ. ನಿರ್ದೇಶಕರಾಗಿ ಅವರ ಮೊದಲ ಚಿತ್ರ 1972ರ ‘ಅಪರಾಧ್’. ಜರ್ಮನಿಗೆ ಹೋಗಿ ಕಾರ್ ರೇಸ್ ಚಿತ್ರಿಸಿದ್ದರು. ಎರಡನೆಯ ಸಲ ಅವರು ಕ್ಯಾಮೆರಾ ಹೊತ್ತದ್ದು ಅಫ್ಘಾನಿಸ್ತಾನಕ್ಕೆ. ಅಲ್ಲಿ ಚಿತ್ರೀಕರಣವಾದ ಮೊದಲ ಭಾರತೀಯ ಚಿತ್ರ ‘ಧರ್ಮಾತ್ಮ’. ಕತೆಯ ಎಳೆ ‘ಗಾಡ್‌ಫಾದರ್’ನಿಂದ ಬಂದದ್ದು. ಪ್ರೇಮನಾಥ್ ಅಪ್ಪ, ಫಿರೋಜ್ ಮಗ. ಅಪ್ಪನ ಕತ್ತಲ ವ್ಯವಹಾರ ಒಪ್ಪದೆ ದೂರ ಬಂದ ಮಗ ಅಫ್ಘಾನಿಸ್ತಾನದ ಬಯಲಿನಲ್ಲಿ ಅಲೆಮಾರಿ ಹುಡುಗಿ ರೇಷ್ಮಾಳನ್ನು ಕಾಣುತ್ತಾನೆ. ಆ ಪಾತ್ರದಲ್ಲಿ ಹೇಮಾ ಮಾಲಿನಿ. ಅಲ್ಲಿ ಬರುವ ಬುಜ್‌ಕಶಿ ಆಟದ ದೃಶ್ಯವನ್ನು ನೋಡದವರು ಈಗಲಾದರೂ ನೋಡಬೇಕು. ಆಡಿನ ಕಳೇಬರಕ್ಕಾಗಿ ಸವಾರರು ಗುಂಪುಗುಂಪಾಗಿ ಮುಗಿಬಿದ್ದು ಸೆಣಸುವ ಆಟ ಅದು. ನೆಲದಿಂದ ಧೂಳೆದ್ದು, ಕುದುರೆಗಳ ಬೆವರು ಹೊಳೆದು, ಆಕಾಶದಿಂದ ನೋಡಿದಾಗ ಬಯಲೆಲ್ಲ ಕದಡಿದಂತೆ ಕಾಣುತ್ತದೆ. ಛಾಯಾಗ್ರಾಹಕ ಕಮಲ್ ಬೋಸ್ ಅವರಿಗೆ ಈ ಚಿತ್ರ ಫಿಲ್ಮ್‌ಫೇರ್ ಪ್ರಶಸ್ತಿ ತಂದಿತು.

ಫಿರೋಜ್ ಖಾನರ ತಂದೆಯ ಬೇರು ಗಜನಿಯದು ಎಂದೆನಲ್ಲ. ಮಗ ಅಪ್ಪನ ನೆಲಕ್ಕೆ ಹಿಂದಿ ಚಿತ್ರವನ್ನು ಕರೆದೊಯ್ದು, ಅಮೆರಿಕದ ಮರುಭೂಮಿಗೆ ಬದಲಾಗಿ ಅಫ್ಘಾನಿಸ್ತಾನದ ಬಯಲಿನಲ್ಲಿ, ಆ ನೆಲದ್ದೇ ಕುದುರೆ, ಆ ನೆಲದ್ದೇ ಸವಾರರನ್ನು ಇಟ್ಟು ತೋರಿಸಿದರು. ಹಾಲಿವುಡ್ ಕಲಿಸಿದ ಪಾಠ ಅಲ್ಲಿಗೆ ಮುಗಿದು, ಮನೆತನದ ನೆನಪು ಮಾತಾಡತೊಡಗಿತು. ಮುಂದೆ ಆ ದೇಶ ಯುದ್ಧದಿಂದ ಯುದ್ಧಕ್ಕೆ ಬಿದ್ದಿತು. ಆ ಹಿಂಸೆಗೆ ಮುಂಚಿನ ಅಫ್ಘಾನಿಸ್ತಾನದ ಬೆಟ್ಟ, ಬಯಲು, ಜನರ ಮುಖಗಳನ್ನು ಬಣ್ಣದಲ್ಲಿ ಹಿಡಿದಿಟ್ಟ ಭಾರತೀಯ ಚಿತ್ರವಾಗಿ ‘ಧರ್ಮಾತ್ಮ’ಕ್ಕೆ ಬೇರೆಯೇ ಬೆಲೆ ಬಂದಿದೆ.

1980ರ ‘ಖುರ್ಬಾನಿ’ ಅವರ ಅತಿ ದೊಡ್ಡ ಯಶಸ್ಸು. ಇಲ್ಲಿ ಕುದುರೆಯ ಜಾಗದಲ್ಲಿ ಮೋಟಾರ್‌ಸೈಕಲ್, ಕಾರು ಬಂದವು. ಆದರೆ ನನ್ನ ಗಮನ ಸೆಳೆಯುವುದು ಅದರ ಒಂದು ಹಾಡು. ಚಿತ್ರದ ಉಳಿದ ಹಾಡುಗಳು ಕಲ್ಯಾಣ್‌ಜಿ ಆನಂದ್‌ಜಿ ಅವರವು. ‘ಆಪ್ ಜೈಸಾ ಕೋಯಿ’ ಮಾತ್ರ ಲಂಡನ್ನಿನಲ್ಲಿ ನೆಲೆಸಿದ್ದ ಬಿಡ್ಡು ಅವರದು. ಹಾಡಿದ್ದು ಹದಿನೈದರ ಹುಡುಗಿ ನಾಜಿಯಾ ಹಸನ್. ಬಿಡ್ಡು ಅಂದರೆ ಬಿಡ್ಡು ಅಪ್ಪಯ್ಯ, ಕೊಡವರು, ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ರೇಡಿಯೊ ಸಿಲೋನ್‌ನಲ್ಲಿ ಪಾಶ್ಚಾತ್ಯ ಹಾಡು ಕೇಳುತ್ತ ಗಿಟಾರ್ ಹಿಡಿದು, ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ, ಇಂಗ್ಲೆಂಡಿಗೆ ಹೋಗಿ ‘ಕುಂಗ್ ಫೂ ಫೈಟಿಂಗ್’ ಹಾಡಿನ ನಿರ್ಮಾಪಕರಾಗಿ ಜಗತ್ತಿಗೆಲ್ಲ ಪರಿಚಿತರಾದವರು. ಭಾರತದ ಪಾಪ್ ಸಂಗೀತಕ್ಕೆ ಹೊಸ ತಿರುವು ಕೊಟ್ಟ ಆ ಹಾಡಿನ ಹಿಂದೆ ಬೆಂಗಳೂರಿನವರೇ ಇಬ್ಬರು. ಇದನ್ನು ಬರಿಯ ಕಾಕತಾಳೀಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಪರದೇಶದ ಹಾಡು, ಚಿತ್ರ, ಉಡುಪುಗಳನ್ನು ಹೆದರದೆ, ನಾಚದೆ ಬಳಸಿಕೊಳ್ಳುವ ಸಲಿಗೆಯನ್ನು ಈ ಊರು ತನ್ನ ಮಕ್ಕಳಿಗೆ ಕೊಟ್ಟಿತ್ತು.

ತಮ್ಮ ಸಂಜಯ್ ಖಾನ್ ಕೂಡ ನಮ್ಮ ಕಡೆಗೇ ಮುಖ ಮಾಡಿದವರು. ಟಿಪ್ಪುವಿನ ಟೆಲಿವಿಷನ್ ಸರಣಿಗಾಗಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊಗೆ ಬಂದರು. 1989ರ ಫೆಬ್ರುವರಿಯಲ್ಲಿ ಅಲ್ಲಿ ನಡೆದ ಬೆಂಕಿ ದುರಂತ ಎಷ್ಟೋ ಜನರ ಪ್ರಾಣ ತೆಗೆಯಿತು. ತೀವ್ರ ಸುಟ್ಟಗಾಯಗಳಾಗಿದ್ದ ಸಂಜಯ್ ಬದುಕಿ ಬಂದು ಸರಣಿ ಮುಗಿಸಿದರು. ಫಿರೋಜ್ 1988ರಲ್ಲಿ ಮಣಿರತ್ನಂ ಅವರ ‘ನಾಯಕನ್’ ಚಿತ್ರವನ್ನು ‘ದಯಾವಾನ್’ ಆಗಿ ಹಿಂದಿಗೆ ತಂದರು. ಆಮೇಲಿನ ಚಿತ್ರಗಳು ಮೊದಲಿನಷ್ಟು ಹೆಸರು ಮಾಡಲಿಲ್ಲ. 2007ರ ‘ವೆಲ್‌ಕಮ್’ ಅವರ ಕೊನೆಯ ಚಿತ್ರ. ಅರುವತ್ತೆಂಟರ ಹರೆಯದಲ್ಲೂ ಆರ್‌ಡಿಎಕ್ಸ್ ಎಂಬ ಭೂಗತ ದೊರೆಯಾಗಿ ಅವರು ತೆರೆಯ ಮೇಲೆ ಬಂದಾಗ ಹೊಸ ತಲೆಮಾರಿನವರು ಕೂಡ ಕಣ್ಣರಳಿಸಿ ನೋಡಿದರು.

ದಂಡಿನ ಆ ಚಿತ್ರಮಂದಿರಗಳು ಈಗ ಉಳಿದಿಲ್ಲ. ಪ್ಲಾಜಾ ಇದ್ದ ಜಾಗದಲ್ಲಿ ಮೆಟ್ರೊ ನಿಲ್ದಾಣವಿದೆ. ಹಲಸೂರಿನ ಅಂಚಿನ ಲಿಡೊ ಮಾಲ್ ಆಗಿದೆ. ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಕನ್ನಡ ಚಿತ್ರರಂಗದ ಇತಿಹಾಸ ಬರೆದವರು ಗಾಂಧಿನಗರ, ಮಲ್ಲೇಶ್ವರ, ಮೈಸೂರಿನ ಕತೆಯನ್ನು ಪ್ರೀತಿಯಿಂದ ದಾಖಲಿಸಿದ್ದಾರೆ. ದಂಡಿನ ಚಿತ್ರಜೀವನ, ಅಲ್ಲಿ ಯಾವ ಚಿತ್ರ ಯಾರನ್ನು ಸೆಳೆಯಿತು, ಯಾವ ಶಾಲೆಯ ಯಾವ ಹುಡುಗ ಯಾವ ರೈಲು ಹತ್ತಿದ ಎಂಬ ಕತೆ ಇನ್ನೂ ಚದುರಿಕೊಂಡೇ ಇದೆ. ಶಿವಾಜಿನಗರದಲ್ಲಿ, ಫ್ರೇಜರ್ ಟೌನಿನಲ್ಲಿ, ಹಲಸೂರಿನ ಕೇರಿಗಳಲ್ಲಿ ಅದನ್ನು ಕಣ್ಣಾರೆ ಕಂಡ, ಎಂಬತ್ತು ದಾಟಿದವರು ಇದ್ದಾರೆ. ಉರ್ದುವಿನಲ್ಲೋ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಅವರು ಹೇಳಲಿ. ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಹೋಗಿ ಕೇಳಿ ಕನ್ನಡದಲ್ಲಿ ಬರೆದಿಡಲಿ. ಪ್ರತಿ ವರ್ಷ ನಡೆಯುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಒಂದು ದಿನ ‘ಖೋಟೆ ಸಿಕ್ಕೆ’ಯನ್ನೂ ‘ಕೌಬಾಯ್ ಕುಳ್ಳ’ನನ್ನೂ ಜೊತೆಗಿಟ್ಟು ತೋರಿಸಲಿ. ಸಾಧ್ಯವಾದರೆ ‘ಧರ್ಮಾತ್ಮ’ವನ್ನು ದೊಡ್ಡ ಪರದೆಯ ಮೇಲೆಯೇ ತೋರಿಸಲಿ. ಆ ಬುಜ್‌ಕಶಿಯ ದೃಶ್ಯ ಮೊಬೈಲಿನಲ್ಲಿ ನೋಡುವಂಥದ್ದಲ್ಲ.